ಎರಡು ಶಾಲು, ಒಂದು ಕಸಬರಿಗಿ ಕಡ್ಡಿ

ಎಲ್ಲ ಸುರುವಾದದ್ದು ಒಂದು ಕಸಬರಿಗಿ ಕಡ್ಡಿಯಿಂದ.

ಕಡ್ಡಿ ಧೂಳಪ್ಪನದಲ್ಲ, ಮನೆಯೊಡತಿ ಶಂಕ್ರೆವ್ವನದು. ಹಿಂದಿನ ದಿನವಷ್ಟೇ ಬಜಾರದಿಂದ ತಂದ, ಇನ್ನೂ ಕಸದ ಮುಖ ನೋಡದ ಹೊಸ ಕಸಬರಿಗಿಯನ್ನು ಆಕೆ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದಳು. ಶನಿವಾರ ಬೆಳಿಗ್ಗೆ ಐದೂವರೆಗೆ ಧೂಳಪ್ಪ ಕಳ್ಳಹೆಜ್ಜೆಯಲ್ಲಿ ಬಂದು, ಅದರೊಳಗಿನ ಅತ್ಯಂತ ನೆಟ್ಟಗಿನ ಕಡ್ಡಿಯನ್ನು ಆರಿಸಿ, ಹಲ್ಲು ಕೀಳುವ ಡಾಕ್ಟರನ ಎಚ್ಚರಿಕೆಯಿಂದ ಎಳೆದ.

"ಮಾಸ್ತರ, ಕಸಬರಿಗಿದು ಕೂದ್ಲ ಕೀಳಾಕತ್ತೀರೇನ್ರಿ?" ಎಂದು ಮೇಲಿನ ಕಿಟಕಿ ಕೇಳಿತು. ಶಂಕ್ರೆವ್ವ ನಿದ್ದೆಯಲ್ಲೂ ಓಣಿಯ ಮೇಲೆ ಒಂದು ಕಣ್ಣು ಇಟ್ಟಿರುವವಳು.

"ಒಂದ ಕಡ್ಡಿ ರೀ ಯವ್ವಾ. ಪಾಠಕ್ಕ ಬೇಕಾಗಿತ್ತು."

"ಒಂದ ಹೋದ್ರ ಕಟ್ಟ ಸಡ್ಲ ಆಗತೈತಿ. ಆಮ್ಯಾಲ ಒಂದರ ಹಿಂದ ಒಂದ ಎಲ್ಲಾ ಉದರತಾವ. ಸಂಜೀಕ ತಂದು, ಎಲ್ಲಿಂದ ಕಿತ್ತೀರಿ ಅಲ್ಲೇ ಸಿಗಸ್ರಿ."

ಧೂಳಪ್ಪ ಹೂಂ ಅಂದ. ಅವತ್ತು ಅವನು ಯಾವುದಕ್ಕೆ ಬೇಕಾದರೂ ಹೂಂ ಅನ್ನಲು ತಯಾರಿದ್ದ. ಮಧ್ಯಾಹ್ನ ಮೂರು ಗಂಟೆಗೆ ಅವನ ಬಾಳು ಬದಲಾಗುವುದಿತ್ತು.

ಧೂಳಪ್ಪ ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕ. ಕಾಲೇಜಿನ ಎಂದರೆ ಪೂರ್ತಿ ಸರಿಯಾಗುವುದಿಲ್ಲ, ಕಾಲೇಜುಗಳ ಅನ್ನಬೇಕು. ಅವನ ಸಂಸ್ಥೆಗೆ ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ಕಾಲೇಜು. ಎರಡಕ್ಕೂ ಸೇರಿ ಪಾಠ ಮಾಡುವ ಭೌತಶಾಸ್ತ್ರದ ಮಾಸ್ತರ ಇವನೊಬ್ಬನೇ. ಸೋಮವಾರದಿಂದ ಬುಧವಾರದ ತನಕ ತಿಕೋಟಾ, ಗುರುವಾರದಿಂದ ಶನಿವಾರದ ತನಕ ಬಬಲೇಶ್ವರ, ಮನೆ ವಿಜಯಪುರದಲ್ಲಿ. ಆರು ವರ್ಷದಿಂದ ಹೀಗೆಯೇ. ಮಗಳು ವಿಶಾಖಾ ಏಳುವ ಮುಂಚೆ ಮನೆ ಬಿಡುತ್ತಿದ್ದ, ಆಕೆ ತೂಕಡಿಸುವ ಹೊತ್ತಿಗೆ ವಾಪಸ್ ಬರುತ್ತಿದ್ದ. ಎರಡನೇ ಇಯತ್ತೆಯಲ್ಲಿ 'ನನ್ನ ಅಪ್ಪ' ಎಂದು ಚಿತ್ರ ಬರೆಯಲು ಹೇಳಿದಾಗ ಆಕೆ ಒಂದು ಕೆಂಪು ಬಸ್ಸು ಬರೆದು, ಅದರ ಕಿಟಕಿಯಲ್ಲಿ ಒಂದು ಮೊಣಕೈ ಬರೆದಿದ್ದಳು. ಟೀಚರು ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಹೆಂಡತಿ ಸುಮಂಗಲಾ ಆ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು. ಧೂಳಪ್ಪ ನೀರು ಕುಡಿಯಲು ಹೋದಾಗಲೆಲ್ಲ ಆ ಮೊಣಕೈ ಅವನನ್ನು ತಿವಿಯುತ್ತಿತ್ತು.

ಈಗ, ಈ ಜೂನಿನಲ್ಲಿ, ಸಂಸ್ಥೆ ವಿಜಯಪುರದಲ್ಲೇ ಮೂರನೆಯ ಕಾಲೇಜು ತೆರೆಯುವುದಿತ್ತು. ಧೂಳಪ್ಪನ ಮನೆಯಿಂದ ನಡೆದರೆ ಏಳು ನಿಮಿಷ. ಅವನು ಮೂರು ಸಲ ನಡೆದು ನೋಡಿದ್ದ. ಒಂದು ಸಲ ನಡುವೆ ಚಹಾ ಕುಡಿದರೂ ಹನ್ನೊಂದರ ಮೇಲೆ ಹೋಗಿರಲಿಲ್ಲ. ಭೌತಶಾಸ್ತ್ರದ ಆ ಒಂದು ಜಾಗಕ್ಕೆ ಅರ್ಜಿ ಹಾಕಿದವನೂ ಅವನೊಬ್ಬನೇ.

ಆದರೆ ಸಂಸ್ಥೆಯ ಅಧ್ಯಕ್ಷರಾದ ಸಂಗನಬಸವ ಸಾಹುಕಾರರು ಒಣದ್ರಾಕ್ಷಿ ವ್ಯಾಪಾರಸ್ಥರು. ಒಂದು ಹಿಡಿ ತಿಂದು ನೋಡದೆ ಅವರು ಯಾವ ಮಾಲನ್ನೂ ಒಳಗೆ ಬಿಟ್ಟುಕೊಂಡವರಲ್ಲ. "ನನ್ನ ಮುಂದ ಒಂದ ಪಾಠ ಮಾಡ್ರಿ. ನನಗ ತಿಳೀತಂದ್ರ ಹುಡುಗರಿಗೂ ತಿಳೀತೈತಿ," ಎಂದು ಹೇಳಿ, ಪಠ್ಯಪುಸ್ತಕ ತರಿಸಿ, ಕಣ್ಣು ಮುಚ್ಚಿ ಒಂದು ಪುಟದ ಮೇಲೆ ಬೆರಳಿಟ್ಟಿದ್ದರು. ಬೆರಳ ಕೆಳಗೆ ಬಂದದ್ದು: ಏಕರೂಪ ವಿದ್ಯುತ್ ಕ್ಷೇತ್ರದಲ್ಲಿ ವಿದ್ಯುತ್ ದ್ವಿಧ್ರುವಿಯ ಸಮತೋಲನ. ಅದನ್ನು ಓದುವಾಗ ಸಾಹುಕಾರರು ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಿದ್ದರಂತೆ. ಜೊತೆಗೆ ಇನ್ನೊಂದು ಷರತ್ತು: ಎರಡೂ ಕಾಲೇಜಿನ ಪ್ರಾಚಾರ್ಯರ ಅಭಿಪ್ರಾಯ ಪತ್ರಗಳನ್ನು ಮೂರು ಗಂಟೆಯೊಳಗೆ ತರಬೇಕು, ಪ್ರಾಚಾರ್ಯರೂ ಬಂದು ಕೂಡಬೇಕು. ಈ ಷರತ್ತು ಮೊಬೈಲಿಗೆ ಬಂದದ್ದು ಶುಕ್ರವಾರ ಸಂಜೆ.

ಹಾಗಾಗಿ ಕಡ್ಡಿ.

ಕಡ್ಡಿಯ ಒಂದು ತುದಿಗೆ ಕೆಂಪು ಥರ್ಮಾಕೋಲ್ ಗುಂಡು, ಇನ್ನೊಂದಕ್ಕೆ ನೀಲಿ. ಎರಡರ ಸೊಂಟಕ್ಕೂ ಚಾಕಲೇಟಿನ ಬೆಳ್ಳಿ ಕಾಗದದ ಪಟ್ಟಿ ಸುತ್ತಿ, ಕಡ್ಡಿಯ ನಡುವಿಗೆ ರೇಷ್ಮೆ ದಾರ ಕಟ್ಟಿ ತೂಗುಬಿಟ್ಟ. ಅದರ ಅತ್ತ ಇತ್ತ ಸುಮಂಗಲಾ ಹಿಟ್ಟು ನಾದುವ ಎರಡು ಸ್ಟೀಲಿನ ಪರಾತಗಳನ್ನು ಎದುರುಬದುರು ನಿಲ್ಲಿಸಿದ. ಪಕ್ಕದ ಮನೆಯ ಟೇಲರ್ ಅಂಜುಮ ಸೊಳ್ಳೆ ಹೊಡೆಯುವ ಬ್ಯಾಟು ಕೊಟ್ಟಿದ್ದಳು. "ರಾತ್ರಿಗೆ ವಾಪಸ್ ಬೇಕ್ರಿ ಸರ್ರ. ನಮ್ಮ ಮನಿ ಸೊಳ್ಳಿ ನಿಮ್ಮ ಕಾಲೇಜಿನಂಗ ರಜಾ ತಗೊಳ್ಳಾಂಗಿಲ್ಲ." ಬ್ಯಾಟಿನ ಎರಡು ಜಾಲರಿಯಿಂದ ಎರಡು ವಾಯರು ಎಳೆದು ಪರಾತಗಳಿಗೆ ಸಿಕ್ಕಿಸಿದರೆ ಕ್ಷೇತ್ರ ತಯಾರು. ಅದೇ ಜಾಲರಿಗೆ ಒಂದೊಂದು ಗುಂಡನ್ನು ಮುಟ್ಟಿಸಿದರೆ ದ್ವಿಧ್ರುವಿಯೂ ತಯಾರು.

ಸದ್ದಿಗೆ ವಿಶಾಖಾ ಎದ್ದು ಬಂದಳು. ಅಪ್ಪ ಬೆಳಗಿನ ಹೊತ್ತು ಮನೆಯಲ್ಲಿರುವುದನ್ನು ಅಪರೂಪದ ಹಕ್ಕಿ ಕಂಡಂತೆ ಬಾಗಿಲಲ್ಲೇ ನಿಂತು ನೋಡಿದಳು.

ಮಳೆ ಇನ್ನೂ ಬಂದಿರಲಿಲ್ಲ. ಗಾಳಿ ಹಪ್ಪಳದಂತೆ ಗರಿಗರಿ ಒಣಗಿತ್ತು. ಧೂಳಪ್ಪ ಬ್ಯಾಟಿನ ಗುಂಡಿ ಒತ್ತಿದ. ಅಡ್ಡ ನಿಂತಿದ್ದ ಕಡ್ಡಿ ಮೆಲ್ಲಗೆ, ಮನಸ್ಸಿಲ್ಲದ ಹುಡುಗ ಬೋರ್ಡಿನ ಕಡೆ ತಿರುಗಿದಂತೆ, ತಿರುಗಿತು. ಕೆಂಪು ಒಂದು ಪರಾತದ ಕಡೆ, ನೀಲಿ ಇನ್ನೊಂದರ ಕಡೆ ಮುಖ ಮಾಡಿ ಒಂದಿಷ್ಟು ತೂಗಾಡಿ ನಿಂತಿತು.

"ಒಂದ ಪರಾತ ಕೆಂಪನ್ನ ಎಳೀತೈತಿ, ಒಂದ ನೀಲೀನ," ಎಂದ ಧೂಳಪ್ಪ. "ಎರಡೂ ಎಳೆತ ಸಮ. ಅದಕ್ಕ ಕಡ್ಡಿ ಎಲ್ಲಿಗೂ ಹೋಗೂದಿಲ್ಲ, ಬರೇ ತಿರಗತೈತಿ."

"ಎಲ್ಲಿಗೂ ಹೋಗೂದಿಲ್ಲಂದ್ರ ಯಾಕ ಎಳೀತಾವಪ್ಪಾ?"

ಧೂಳಪ್ಪ ಪುಸ್ತಕದ ಪುಟ ತಿರುವಿ ಹುಡುಕಿದ.

"ಇವತ್ತ ರೊಟ್ಟಿ ಹಿಟ್ಟ ಎದರಾಗ ನಾದಲ್ರಿ?" ಒಳಗಿಂದ ಸುಮಂಗಲಾ ಕೇಳಿದಳು. ಆಕೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. "ನಿಮ್ಮ ಕ್ಷೇತ್ರದಾಗೇನ?"

"ಇವತ್ತೊಂದ ದಿವಸ ಸುಮಿ. ಸೋಮವಾರದಿಂದ ನಾನ ನಾದಕೊಡತೀನಿ. ಎಂಟೂವರಿಗೆ ಮನಿ ಬಿಟ್ರ ಸಾಕು."

ಸುಮಂಗಲಾ ಪರಾತಗಳನ್ನು ಒರೆಸಿ, ಹಳೆ ಸೀರೆಯಲ್ಲಿ ಸುತ್ತಿಕೊಟ್ಟಳು. ಎರಡೂ ಊರು ಮುಗಿಸಿ ಅವನು ನೇರ ಹೊಸ ಕಾಲೇಜಿಗೇ ಹೋಗುವುದಿತ್ತು.

ಬಸ್ ನಿಲ್ದಾಣದಲ್ಲಿ ಚೇತನಕುಮಾರ ಕಾದಿದ್ದ. ಇವನೂ ಎಂ.ಎಸ್ಸಿ. ಪಾಸಾದವನೇ, ಎರಡೂ ಕಾಲೇಜಿನ ಪ್ರಯೋಗಶಾಲೆ ನೋಡಿಕೊಳ್ಳುವವನು. ಇವನಲ್ಲಿದ್ದ ಒಂದೇ ವಿಶೇಷವೆಂದರೆ ನಿದ್ದೆ. ಬಸ್ಸಿನ ಎಂಜಿನ್ನು ಸುರುವಾದರೆ ಸಾಕು, ಇವನದು ಬಂದಾಗುತ್ತಿತ್ತು. ಆರು ವರ್ಷದಿಂದ ಇವನ ತಲೆ ಇದ್ದದ್ದು ಧೂಳಪ್ಪನ ಭುಜದ ಮೇಲೆ. ಪ್ರಯೋಗಶಾಲೆಯಲ್ಲಿ ಮಾಡುವುದೂ ಅದನ್ನೇ ಎಂದು ಪ್ರಾಚಾರ್ಯರಿಬ್ಬರ ದೂರು.

"ನೀನೂ ಅರ್ಜಿ ಹಾಕಬೇಕಿತ್ತಲ್ಲೋ," ಎಂದ ಧೂಳಪ್ಪ ಸೌಜನ್ಯಕ್ಕೆ.

"ಫಾರ್ಮ್ ಎರಡ ಪುಟ ಇತ್ರಿ ಸರ," ಎಂದು ಚೇತನಕುಮಾರ ಆಕಳಿಸಿದ. "ಆದ್ರ ಒಂದ ಮಾತ ಹೇಳತೀನಿ. ಪತ್ರ ಬರಸೂದಾದ್ರ ಬಿಗಿಯಾಗಿ ಬರಸ್ರಿ. ಸಾದಾ ಬರದ್ರ ಸಾಹುಕಾರ ಓದಾಂಗಿಲ್ಲ. ಹೊಗಳಿಕಿ ಹೆಂಗಿರಬೇಕಂದ್ರ, ಇವರ ಇಲ್ಲಾಂದ್ರ ಕಾಲೇಜಿನ ಗೋಡಿನೂ ನಿಲ್ಲಾಂಗಿಲ್ಲ ಅನ್ನಂಗ ಇರಬೇಕು."

ಆರು ವರ್ಷದಲ್ಲಿ ಅವನು ಎಚ್ಚರವಿದ್ದು ಕೊಟ್ಟ ಮೊದಲ ಸಲಹೆ ಅದು. ಧೂಳಪ್ಪನಿಗೆ ಹಿಡಿಸಿತು. ಅಷ್ಟರಲ್ಲಿ ಎಂಜಿನ್ನು ಸುರುವಾಯಿತು.

ತೊರವಿ ದಾಟುವ ಹೊತ್ತಿಗೆ ಚೇತನಕುಮಾರನ ತಲೆ ಭುಜದಿಂದ ಜಾರಿ ಚೀಲದ ಮೇಲೆ ಬಿತ್ತು. ಚೀಲದಲ್ಲಿದ್ದ ಬ್ಯಾಟಿನ ಗುಂಡಿ ಅವನ ಕಿವಿಯ ಕೆಳಗೆ ಸಿಕ್ಕಿ ಒತ್ತಿಕೊಂಡಿತು. ಬಿಚ್ಚಲು ಮರೆತಿದ್ದ ವಾಯರು ಸೀರೆಯ ಗಂಟಿನೊಳಗೆ ಪರಾತಗಳಿಗೇ ಸಿಕ್ಕಿಕೊಂಡಿದ್ದವು. ಗಂಟಿನಿಂದ ಹೊರಗೆ ಇಣುಕುತ್ತಿದ್ದ ಎರಡು ಅಂಚುಗಳನ್ನು, ಬಸ್ಸು ಕುಲುಕಿದಾಗ ಆಧಾರಕ್ಕೆಂದು, ಪಕ್ಕದಲ್ಲಿ ನಿಂತಿದ್ದ ರುಮಾಲಿನ ಹಿರಿಯರೊಬ್ಬರು ಎರಡು ಕೈಯಿಂದ ಹಿಡಿದರು.

"ಯಪ್ಪಾ," ಎಂದು ಅವರು ಮೆಲ್ಲಗೆ ಅಂದರು. "ಈ ಪರಾತ ಕಚ್ಚತಾವು."

ಮುಂದಿನ ಐದು ನಿಮಿಷ ಬಸ್ಸಿನಲ್ಲಿ ಒಂದೇ ಚರ್ಚೆ. ಪರಾತದೊಳಗೆ ಚೇಳು ಐತಿ ಎಂದರು ಕೆಲವರು. ಇದು ಯಾರೋ ಮಾಡಿಸಿದ್ದು ಎಂದಳು ಹಿಂದಿನ ಸೀಟಿನ ಹೆಂಗಸು. ಕಂಡಕ್ಟರ್ ಬಂದು, "ಏನ್ರಿ ಸರ, ದಿನಾ ಪುಸ್ತಕ ತರತಿದ್ರಿ, ಆರಾಮ ಇತ್ತು," ಎಂದ. ಧೂಳಪ್ಪ ಎಲ್ಲರಿಗೂ ಕೈ ಮುಗಿದ. ಚೇತನಕುಮಾರ ಗೊರಕೆ ಹೊಡೆದ.

ತಿಕೋಟಾದ ಪ್ರಾಚಾರ್ಯ ಬಸಲಿಂಗಯ್ಯನವರು ದೊಡ್ಡ ಮೈ, ದೊಡ್ಡ ಮೀಸೆ, ದೊಡ್ಡ ಧ್ವನಿಯವರು. ಧೂಳಪ್ಪ ಬಂದ ಮೇಲೆಯೇ ಭೌತಶಾಸ್ತ್ರದಲ್ಲಿ ಹುಡುಗರು ಪಾಸಾಗತೊಡಗಿದ್ದೆಂಬುದು ಅವರಿಗೆ ಗೊತ್ತಿತ್ತು.

"ನಿಮ್ಮನ್ನ ಬಿಡಾಕ ಮನಸಿಲ್ಲ ನೋಡ್ರಿ," ಎಂದರು ಪೆನ್ನಿನ ಮುಚ್ಚಳ ತೆಗೆಯುತ್ತ. "ಆದ್ರೂ ಪೂರ್ತಿ ಬಬಲೇಶ್ವರದವರ ಪಾಲಾಗೂಕಿಂತ ಸಿಟಿಗಿ ಹೋಗೂದು ಚಲೋ. ಅಕ್ಕನಾಗಮ್ಮ ಮೇಡಂ ಏನ ಬರದಾರ?"

"ಇನ್ನಾ ಹೋಗಿಲ್ರಿ. ಇಲ್ಲಿಂದ ಅಲ್ಲಿಗೇ ಹೊಂಟೀವಿ."

"ಅವರು ಏನರೆ ಬರೀಲಿ, ನಂದು ಅದಕ್ಕಿಂತ ಕಡಿಮಿ ಇರಬಾರದು."

"ಬಿಗಿಯಾಗಿ ಬರೀರಿ ಸರ," ಎಂದ ಧೂಳಪ್ಪ, ನಾಚಿಕೆ ಬಿಟ್ಟು.

ಬಸಲಿಂಗಯ್ಯ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: ಧೂಳಪ್ಪನವರು ನಮ್ಮ ಕಾಲೇಜಿನ ಬೆನ್ನೆಲುಬು. ಇವರಿಲ್ಲದೆ ಕಾಲೇಜು ನಡೆಯದು. ಪತ್ರಕ್ಕೆ ಕಾಲೇಜಿನ ಸಿಕ್ಕೆ ಒಮ್ಮೆ ಹೊಡೆದು, ಸಮಾಧಾನವಾಗದೆ ಇನ್ನೊಮ್ಮೆ ಹೊಡೆದರು. ಧೂಳಪ್ಪನ ಕಣ್ಣು ತುಂಬಿಬಂತು. ಮದುವೆಯ ದಿನವೂ ಅವನನ್ನು ಯಾರೂ ಹೀಗೆ ಹೊಗಳಿರಲಿಲ್ಲ.

ತಿಕೋಟಾದಿಂದ ಬಬಲೇಶ್ವರಕ್ಕೆ ಟಂಟಂ ಆಟೋ ಸಿಕ್ಕಿತು. ಅದರಲ್ಲಿ ಒಂಬತ್ತು ಜನ, ಮತ್ತೆ ನಿಡೋಣಿಯ ರೈತನೊಬ್ಬನ ಒಂದು ಆಡು. ಧೂಳಪ್ಪ ಈ ಸಲ ಬುದ್ಧಿವಂತನಾಗಿ ಬ್ಯಾಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯನ್ನು ಚೇತನಕುಮಾರನ ಕೈಗೆ ಕೊಟ್ಟ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಚೇತನಕುಮಾರ ನಿದ್ದೆಯಲ್ಲಿದ್ದ, ಕೆಂಪು ಗುಂಡು ಕಡ್ಡಿಯ ಮೇಲಿತ್ತು, ನೀಲಿ ಗುಂಡು ಆಡಿನ ಬಾಯಲ್ಲಿತ್ತು.

"ಏನೂ ಆಗಾಂಗಿಲ್ಲ ಬಿಡ್ರಿ," ಎಂದ ರೈತ ಸಮಾಧಾನದ ಧ್ವನಿಯಲ್ಲಿ. "ಮೊನ್ನೆ ಒಂದ ಚಪ್ಪಲಿ ತಿಂದೈತಿ, ಅರಗಸಕೊಂತು."

ಅವನು ಹೇಳಿದ್ದು ಆಡಿನ ಬಗ್ಗೆ.

ಬಬಲೇಶ್ವರದ ಪ್ರಾಚಾರ್ಯೆ ಅಕ್ಕನಾಗಮ್ಮ ಮೇಡಂ ಸಣ್ಣ ಆಳು, ಕಟ್ಟುನಿಟ್ಟಿನವರು, ತಮ್ಮ ಮಾಸ್ತರರಿಗೆ ಮನೆಯಿಂದ ರೊಟ್ಟಿಗೆ ಶೇಂಗಾ ಹಿಂಡಿ ಚಟ್ನಿ ತಂದುಕೊಡುವವರು. ಆಡಿನ ಕತೆ ಕೇಳಿ ಆಟದ ಕೋಣೆಯಿಂದ ಟೇಬಲ್ ಟೆನಿಸ್ ಚೆಂಡು ತರಿಸಿಕೊಟ್ಟರು. ಅದಕ್ಕೆ ಬೆಳ್ಳಿ ಕಾಗದ ಸುತ್ತುವಷ್ಟರಲ್ಲಿ ಬಸಲಿಂಗಯ್ಯನವರ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿಯೂ ಮುಗಿಸಿದ್ದರು.

"ಬೆನ್ನೆಲುಬು ಅಂದಾರ," ಎಂದರು. "ಹಂಗಾರ ನಾನು ಹೃದಯ ಅಂತೀನಿ. ಮುಂದಿಂದು ಇದ್ದಂಗ ಇರಲಿ, ಚಲೋ ಅದ. ಇವರಿಲ್ಲದೆ ಕಾಲೇಜು ನಡೆಯದು."

"ಮೇಡಂ, ನನ್ನ ಸಿಟಿಗಿ..."

"ಹೋಗ್ರಿ. ತಿಕೋಟಾದವರು ನಿಮ್ಮನ್ನ ಇಡಿಯಾಗಿ ನುಂಗೂಕಿಂತ ಅದು ಸಾವಿರ ಪಾಲ ಚಲೋ. ನನ್ನ ಶನಿವಾರ ಎರಡ ಸಲ ಕಸಕೊಂಡಾರ ಅವರು. ಮರತಿಲ್ಲ ನಾನು."

ಎರಡು ಲಕೋಟೆಗಳನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಧೂಳಪ್ಪ ವಿಜಯಪುರದ ಬಸ್ಸು ಹತ್ತಿದ. ಬೆನ್ನೆಲುಬು, ಹೃದಯ ಎರಡೂ ಸಿಕ್ಕಿದ್ದವು. ಕಿಟಕಿಯ ಹೊರಗೆ ಮೊಣಕೈ ಇಡುವುದು ಇದೇ ಕೊನೆ ಎಂದುಕೊಂಡ.

ಹೊಸ ಕಾಲೇಜಿಗೆ ಇನ್ನೂ ಸುಣ್ಣದ ವಾಸನೆ. ಮೊದಲ ಸಾಲಿನ ಬೆಂಚಿನಲ್ಲಿ ಸಂಗನಬಸವ ಸಾಹುಕಾರರು ವಿದ್ಯಾರ್ಥಿಯಂತೆ ಕೂತಿದ್ದರು. ಬೆಂಚು ಅವರಿಗೆ ಬಿಗಿಯಾಗಿತ್ತು. ಅವರ ಬಲಕ್ಕೆ ಬಸಲಿಂಗಯ್ಯ, ಎಡಕ್ಕೆ ಅಕ್ಕನಾಗಮ್ಮ. ಮೇಜಿನ ಮೇಲೆ ತಟ್ಟೆಯಲ್ಲಿ ಎರಡು ಸನ್ಮಾನದ ಶಾಲು, ಎರಡು ತೆಂಗಿನಕಾಯಿ. ಅಧ್ಯಕ್ಷರು ಬರುವ ಯಾವ ಕೋಣೆಗೂ ಅವು ಅವರಿಗಿಂತ ಮೊದಲೇ ಬರುತ್ತಿದ್ದವು.

ಧೂಳಪ್ಪ ಪರಾತ ನಿಲ್ಲಿಸಿದ, ಕಡ್ಡಿ ತೂಗುಬಿಟ್ಟ, ಗುಂಡುಗಳನ್ನು ಬ್ಯಾಟಿಗೆ ಮುಟ್ಟಿಸಿದ, ಗುಂಡಿ ಒತ್ತಿದ.

ಕಡ್ಡಿ ಹಾಗೇ ತೂಗುತ್ತಿತ್ತು. ಎಡಕ್ಕಿಲ್ಲ, ಬಲಕ್ಕಿಲ್ಲ. ಮತ್ತೆ ಮುಟ್ಟಿಸಿದ, ಮತ್ತೆ ಒತ್ತಿದ. ಕಸಬರಿಗಿಯಲ್ಲಿದ್ದಾಗಲೂ ಅದು ಇಷ್ಟು ಸುಮ್ಮನಿರಲಿಲ್ಲ.

ಆಗ ಅವನ ಬೆನ್ನಿಗೆ ತಂಪು ತಾಗಿತು. ತಿರುಗಿ ನೋಡಿದ. ಅಧ್ಯಕ್ಷರಿಗೆ ಸೆಕೆಯಾಗಬಾರದೆಂದು ಕಾಲೇಜಿನ ಸಿಪಾಯಿ ಮುತ್ತು ಒಂದು ಕಪಾಟಿನಷ್ಟು ದೊಡ್ಡ ಕೂಲರ್ ತಂದು, ಕಂಠದ ತನಕ ನೀರು ತುಂಬಿ, ಸರಿಯಾಗಿ ಮೇಜಿನ ಮೇಲೆ ಗಾಳಿ ಬೀಳುವಂತೆ ನಿಲ್ಲಿಸಿದ್ದ. ಒದ್ದೆ ಗಾಳಿಯಲ್ಲಿ ಗುಂಡುಗಳ ಮೇಲಿನ ಚಾರ್ಜು ತೂತಿನ ಕೊಡದ ನೀರಿನಂತೆ ಸೋರಿಹೋಗುತ್ತಿತ್ತು. ಕೂಲರಿನ ಎದುರಿನ ಕುರ್ಚಿಯಲ್ಲಿ ಚೇತನಕುಮಾರ ಪರಮ ಸುಖದಲ್ಲಿ ಕಣ್ಣು ಮುಚ್ಚಿದ್ದ.

"ಮುತ್ತು, ಒಂದೀಟ ಕೂಲರ್ ಬಂದ್ ಮಾಡಪ್ಪಾ," ಎಂದ ಧೂಳಪ್ಪ.

"ಬ್ಯಾಡೋ," ಎಂದರು ಸಾಹುಕಾರರು. "ನನಗ ಬಿ.ಪಿ. ಐತಿ. ಮಾಸ್ತರ, ಇದು ಯಾವ ಸಮತೋಲನ ಅಂತೀರಿ? ಆಗಿಂದ ನಿಂತ ಬಿಟ್ಟೈತಲ್ಲ."

ಬಸಲಿಂಗಯ್ಯ ಮೀಸೆಯೊಳಗೆ ಕೆಮ್ಮಿದರು. ಅಕ್ಕನಾಗಮ್ಮ ಮೇಡಂ ಕನ್ನಡಕ ಒರೆಸಿಕೊಂಡರು. ಧೂಳಪ್ಪನ ಕಣ್ಣೆದುರು ಕೆಂಪು ಬಸ್ಸೊಂದು ಹಾದುಹೋಯಿತು. ಅವನ ದೃಷ್ಟಿ ತಟ್ಟೆಯ ಮೇಲಿನ ಶಾಲುಗಳ ಮೇಲೆ ಬಿತ್ತು.

"ಸಾಹುಕಾರ್ರ, ಕಡ್ಡಿ ಬಿಡ್ರಿ," ಎಂದ. "ಕಡ್ಡಿ ಬದಲಿ ನಾನ ನಿಂದರತೀನಿ."

ಒಂದು ಶಾಲನ್ನು ಬಲ ಮುಂಗೈಗೆ ಕಟ್ಟಿಕೊಂಡು ಅದರ ತುದಿಯನ್ನು ಬಸಲಿಂಗಯ್ಯನವರಿಗೆ ಕೊಟ್ಟ. ಇನ್ನೊಂದನ್ನು ಎಡ ಮುಂಗೈಗೆ ಕಟ್ಟಿಕೊಂಡು ಅಕ್ಕನಾಗಮ್ಮ ಮೇಡಂಗೆ ಕೊಟ್ಟ. ಇಬ್ಬರನ್ನೂ ಕೋಣೆಯ ಎರಡು ಬದಿಗೆ ನಿಲ್ಲಿಸಿದ.

"ಇವರಿಬ್ಬರು ಎರಡ ಪರಾತ..."

"ಏನಂದ್ರಿ?" ಎಂದರು ಅಕ್ಕನಾಗಮ್ಮ.

"ಕ್ಷೇತ್ರ ರೀ ಮೇಡಂ, ಕ್ಷೇತ್ರ. ನನ್ನ ಬಲಗೈ ಪ್ಲಸ್, ಎಡಗೈ ಮೈನಸ್. ಈಗ ಇಬ್ಬರೂ ಸಮಾ ಎಳೀರಿ. ನೋಡ್ರಿ ಸಾಹುಕಾರ್ರ, ನಾ ಆ ಕಡೆ ಹೋದ್ನೇನು? ಈ ಕಡೆ ಬಂದ್ನೇನು?"

"ಇಲ್ಲ."

"ಈಗ ನನ್ನ ಹಿಡದ ಒಂದೀಟ ತಿರುವಿ ಬಿಡ್ರಿ."

ಸಾಹುಕಾರರು ಬೆಂಚಿನಿಂದ ಕಷ್ಟಪಟ್ಟು ಹೊರಬಂದು ಅವನ ಹೆಗಲು ಹಿಡಿದು ತಿರುವಿ ಬಿಟ್ಟರು. ಶಾಲುಗಳು ಎಳೆದವು. ಧೂಳಪ್ಪ ಗಿರಕ್ಕನೆ ವಾಪಸ್ ಮೊದಲಿನಂತೆ ಮುಖಮಾಡಿ ನಿಂತ.

"ಇದಕ್ಕ ಸ್ಥಿರ ಸಮತೋಲನ ಅಂತಾರ. ಎಷ್ಟ ತಿರುವಿದ್ರೂ ಇದ್ದಲ್ಲೇ ಬಂದು ನಿಲ್ಲತೈತಿ." ಆಮೇಲೆ ಬೆನ್ನು ಮಾಡಿ ನಿಂತ. ಶಾಲುಗಳೆರಡೂ ಎದೆಯ ಮೇಲೆ ಅಡ್ಡಡ್ಡ ಬಿಗಿದವು. "ಈಗೂ ಎಳೆತ ಸಮ, ಈಗೂ ನಿಂತೀನಿ. ಆದ್ರ ಒಂದ ಬೆರಳ ಮುಟ್ಟಿಸ್ರಿ ಸಾಕು."

ಸಾಹುಕಾರರು ದ್ರಾಕ್ಷಿ ಮುಟ್ಟಿ ನೋಡುವ ಹಾಗೆ ಒಂದು ಬೆರಳು ತಾಗಿಸಿದರು. ಧೂಳಪ್ಪ ಅರ್ಧ ಸುತ್ತು ತಿರುಗಿ, ಮುಂದೆ ಹೋಗಿ, ಹಿಂದೆ ಬಂದು, ತೂಗಾಡಿ ನಿಂತ.

"ಇದು ಅಸ್ಥಿರ ರೀ."

"ಅರೆ," ಎಂದರು ಸಾಹುಕಾರರು. "ನಮ್ಮವ್ವ ಕಡಗೋಲಿಗಿ ಹಗ್ಗ ಸುತ್ತಿ ಮಜ್ಜಿಗಿ ಕಡೀತಿದ್ಲು. ಹಗ್ಗ ಎರಡೂ ಕಡೆ ಎಳೀಬೇಕು, ಕಡಗೋಲು ಗಡಗೀ ಬಿಟ್ಟು ಹೋಗಬಾರದು. ಇದ ಅಲ್ಲೇನು?"

"ಹತ್ತತ್ರ ಅದ ರೀ," ಎಂದ ಧೂಳಪ್ಪ. ಅವನ ಎದೆ ಹಗುರಾಯಿತು.

"ಒಬ್ಬರು ಜಾಸ್ತಿ ಎಳದ್ರ?"

"ಹಂಗಾದ್ರ ಜೋರ ಇದ್ದ ಕಡೆ ಹೋಗಿ ಬಿಡತೈತಿ."

ಈ ಮಾತು ಹೇಳಬಾರದಿತ್ತು. ಬಸಲಿಂಗಯ್ಯ ಕಾಲು ಅಗಲಿಸಿ ನಿಂತರು. ಅಕ್ಕನಾಗಮ್ಮ ಮೇಡಂ ಶಾಲನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಕಿಟಕಿಯ ಸರಳಿಗೆ ಒಂದು ಪಾದ ಕೊಟ್ಟರು. ಪ್ರಾಚಾರ್ಯರು ತಿಕೋಟಾದ ಮರ್ಯಾದೆಗೆ ಎಳೆದರು, ಮೇಡಂ ತಮ್ಮ ಎರಡು ಶನಿವಾರಗಳಿಗಾಗಿ ಎಳೆದರು. ಧೂಳಪ್ಪನ ಅಂಗಿ ಎರಡೂ ಕಂಕುಳಲ್ಲಿ ಏಕಕಾಲಕ್ಕೆ ಪರ್ ಎಂದಿತು. ಆದರೆ ಅವನು ಒಂದು ಗೇಣೂ ಸರಿಯಲಿಲ್ಲ.

"ಭಾರಿ ಸಮಾ ಅದಾರ," ಎಂದರು ಸಾಹುಕಾರರು ಮೆಚ್ಚಿ. "ಇನ್ನೊಂದ ಕೇಳತೀನಿ ಮಾಸ್ತರ. ಒಂದು ವಸ್ತುವಿಗಿ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ ಅಂತ ತಿಳೀರಿ. ಅದರ ಗತಿ ಏನು?"

ಒಳ್ಳೆಯ ಪ್ರಶ್ನೆ. ಎಂಥ ವಿದ್ಯಾರ್ಥಿ ಎಂದು ಧೂಳಪ್ಪನಿಗೆ ಅಭಿಮಾನ ಉಕ್ಕಿತು.

"ಅದನ್ನ ಯಾರೂ ಎಳ್ಯಾಂಗಿಲ್ರಿ. ನೀವು ಎಲ್ಲಿ ಇಟ್ರ ಅಲ್ಲಿ ಇರತೈತಿ."

ಸಾಹುಕಾರರು ಹೂಂ ಎಂದು, ಕೂಲರಿನ ಎದುರು ಮಲಗಿದ್ದ ಚೇತನಕುಮಾರನನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಎರಡು ಲಕೋಟೆ ಒಡೆದು ಓದಿದರು. ಒಂದನ್ನು ಬಲಗೈಯಲ್ಲಿ, ಒಂದನ್ನು ಎಡಗೈಯಲ್ಲಿ ಹಿಡಿದು ತೂಗಿ ನೋಡಿದರು.

"ಇವರಿಲ್ಲದೆ ಕಾಲೇಜು ನಡೆಯದು. ಇಲ್ಲೂ ಅದ, ಅಲ್ಲೂ ಅದ. ಎಳೆತ ಸಮ," ಎಂದರು. "ಮಾಸ್ತರ, ನಲವತ್ತ ವರ್ಷದಾಗ ನನಗ ಯಾರೂ ಹಿಂಗ ತಿಳಿಸಿ ಹೇಳಿಲ್ಲ. ಒಂದ ಅಕ್ಷರ ಬಿಡದಂಗ ತಿಳೀತು."

"ಉಪಕಾರ ಆತ್ರಿ," ಎಂದ ಧೂಳಪ್ಪ. ಎರಡು ಕೈಯೂ ಕಟ್ಟಿದ್ದರಿಂದ ಕೈ ಮುಗಿಯಲಾಗಲಿಲ್ಲ.

"ನಿಮ್ಮನ್ನ ಸಿಟಿಗಿ ತರಬೇಕಂತ ಅರ್ಧ ಮನಸ ಮಾಡಿದ್ದೆ. ಚಲೋ ಆತು, ಮೊದಲ ಪಾಠ ಕೇಳಿದೆ. ನೀವು ಸ್ಥಿರ ಸಮತೋಲನದಾಗ ಅದೀರಿ. ಮೂರ ದಿನ ಆ ಕಡೆ, ಮೂರ ದಿನ ಈ ಕಡೆ. ತಿರುವಿದ್ರೂ ಇದ್ದಲ್ಲೇ ಬಂದು ನಿಲ್ಲೂವಂಥದ್ದನ್ನ ಯಾರರೆ ಕೆಡಸತಾರೇನು?"

"ಸಾಹುಕಾರ್ರ, ಅದು ಬರೇ ಉದಾಹರಣಿ..."

"ಅಂದ್ರ ತಪ್ಪ ಕಲಿಸಿದ್ರೇನು?"

ಹೌದೆಂದರೆ ಪಾಠ ಕೆಟ್ಟಿತು, ಅಲ್ಲವೆಂದರೆ ಬಾಳು.

"ಸಿಟಿಗಿ ಯಾರೂ ಎಳೀಲಾರದವ್ರು ಬೇಕು. ಬಸಲಿಂಗಯ್ಯನವರ, ಈ ಮಲಗಿದವರನ್ನ ಬಿಟ್ಟ ಕೊಡತೀರೇನು?"

"ಈಗಿಂದೀಗ ಕರಕೊಂಡ ಹೋಗ್ರಿ," ಎಂದರು ಬಸಲಿಂಗಯ್ಯ.

"ಕುರ್ಚಿ ಸಮೇತ," ಎಂದರು ಅಕ್ಕನಾಗಮ್ಮ.

ಆರು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಮುತ್ತು ಹೋಗಿ ಚೇತನಕುಮಾರನನ್ನು ಎಬ್ಬಿಸಿದ. ಅವನು ಕಣ್ಣು ಬಿಟ್ಟು, "ತಿಕೋಟಾ ಬಂತೇನ್ರಿ?" ಎಂದ.

ಉತ್ತಮ ಪಾಠಕ್ಕಾಗಿ ಧೂಳಪ್ಪನಿಗೆ ಸನ್ಮಾನವಾಯಿತು. ಶಾಲುಗಳು ಹೇಗೂ ಕೈಗೆ ಕಟ್ಟಿಕೊಂಡೇ ಇದ್ದುದರಿಂದ ಅವುಗಳನ್ನೇ ಬಿಚ್ಚಿ, ಎರಡನ್ನೂ ಒಂದರ ಮೇಲೊಂದು ಹೊದಿಸಿದರು. ಹರಿದ ಅಂಗಿ ಮುಚ್ಚಿತು. ಹೊರಡುವಾಗ ಸಾಹುಕಾರರು ಬೆನ್ನು ತಟ್ಟಿ, "ಹಂ, ಈ ಚೇತನಕುಮಾರಗ ಪಾಠ ಮಾಡಿ ರೂಢಿ ಇಲ್ಲಂತ. ನಿಮಗ ಆಯ್ತವಾರ ಬಿಡುವ ಅದ ಅಲ್ಲ, ಇಲ್ಲಿಗಿ ಬಂದು ಅವರಿಗಿ ವಾರದ ಪಾಠ ಹೇಳಿಕೊಡ್ರಿ. ಮನಿ ಸನೇದಾಗ ಐತಂತಲ್ಲ," ಎಂದರು.

"ಏಳ ನಿಮಿಷ ರೀ," ಎಂದ ಧೂಳಪ್ಪ.

"ಸಂಜೀಕ ಫೋನ್ ಮಾಡತೀನಿ ಸರ," ಎಂದ ಚೇತನಕುಮಾರ. "ನಾಳಿ ಎಷ್ಟಕ್ಕ ಅಂತ."

ಜೂನಿನ ಬಿಸಿಲಿನಲ್ಲಿ ಎರಡು ಶಾಲು ಹೊದ್ದು, ಬಗಲಲ್ಲಿ ಎರಡು ಪರಾತ ಹಿಡಿದು ಓಣಿಗೆ ಬಂದ ಧೂಳಪ್ಪನನ್ನು ಮೊದಲು ಕಂಡವಳು ಶಂಕ್ರೆವ್ವ. ಶಾಲು ಕಂಡಳು, ಅಷ್ಟೇ ಸಾಕಾಯಿತು. ಇವನು ಬಾಯಿ ತೆರೆಯುವ ಮೊದಲೇ ಆಕೆ ಸಕ್ಕರೆ ಡಬ್ಬಿ ಹಿಡಿದು ಅರ್ಧ ಓಣಿ ದಾಟಿದ್ದಳು. "ಮಾಸ್ತರಗ ಸಿಟಿ ಆತಂತ, ಬಾಯಿ ತೆಗೀರಿ." ಅಂಜುಮ ಹೊಲಿಗೆ ಬಿಟ್ಟು ಬಂದಳು. ಯಾರೋ ಧೂಳಪ್ಪನ ಬಾಯಿಗೂ ಒಂದು ಹಿಡಿ ಸಕ್ಕರೆ ಹಾಕಿದರು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಇಲ್ಲವೆಂದು ಹೇಳುವುದು ಸುಲಭದ ಕೆಲಸವಲ್ಲ. ಅದು ಕರಗುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.

"ಆಗಿಲ್ರಿ ಯವ್ವಾ," ಎಂದ ಕಡೆಗೆ. "ಚೇತನಕುಮಾರಗ ಆಗೈತಿ."

ಶಂಕ್ರೆವ್ವ ಡಬ್ಬಿಯ ತಳ ನೋಡಿದಳು.

"ಆತು, ಕಡ್ಡಿನರೆ ಕೊಡ್ರಿ," ಎಂದಳು.

ಒಳಗೆ ಸುಮಂಗಲಾ ಪೂರ್ತಿ ಕತೆ ಕೇಳಿದಳು. ಕೂಲರಿನ ತನಕ ಗಂಭೀರವಾಗಿದ್ದಳು. ಅಕ್ಕನಾಗಮ್ಮ ಮೇಡಂ ಕಿಟಕಿಯ ಸರಳಿಗೆ ಪಾದ ಕೊಟ್ಟಲ್ಲಿಗೆ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅಂಗಿಯ ಕಂಕುಳು ನೋಡಿ ಮತ್ತೊಮ್ಮೆ ನಕ್ಕಳು. ಧೂಳಪ್ಪನಿಗೂ ನಗು ಬಂತು. ಬೇರೆ ಏನು ಮಾಡಲಾಗುತ್ತದೆ?

"ಪರಾತ ತಾರ್ರಿ," ಎಂದಳು. "ಬಿಸಿ ರೊಟ್ಟಿ ಬಡೀತೀನಿ. ಇವತ್ತರೆ ಬಿಸೀದು ತಿನ್ರಿ."

ವಿಶಾಖಾ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಶಾಲಿನ ಜರಿ ಸವರುತ್ತಿದ್ದಳು.

"ಅಪ್ಪಾ, ನಾಳಿ ಆಯ್ತವಾರ ಅಲ್ಲ? ನಾಳಿ ಮನ್ಯಾಗ ಇರತೀಯಲ್ಲ?"

ಧೂಳಪ್ಪ ಉತ್ತರ ಕೊಡುವ ಮುಂಚೆ ಆಕೆ ಒಂದು ಶಾಲನ್ನು ಅವನ ಎಡ ಮುಂಗೈಗೆ ಕಟ್ಟಿಬಿಟ್ಟಳು. "ಮೇಡಂ ಎಳದಂಗ," ಎಂದು ತುದಿ ಹಿಡಿದು ಮಾಳಿಗೆಯ ಮೆಟ್ಟಿಲ ಕಡೆ ಎಳೆದಳು. ಇನ್ನೊಂದು ಬದಿಗೆ ಎಳೆಯುವವರು ಯಾರೂ ಇರಲಿಲ್ಲ. ಆ ದಿನ ಮೊದಲ ಸಲ ಧೂಳಪ್ಪ ನಿಂತ ಜಾಗದಿಂದ ಸರಿದ. ಒಂದು ಹೆಜ್ಜೆ, ಎರಡು, ಮೂರು. ಎಷ್ಟು ಹಗುರ ಅನ್ನಿಸಿತು ಅವನಿಗೆ.

ನಾಲ್ಕನೇ ಹೆಜ್ಜೆಗೆ, ಕೋಣೆಯ ಆಚೆ ತುದಿಯಲ್ಲಿ ಚಾರ್ಜಿಗೆ ಇಟ್ಟಿದ್ದ ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಚೇತನಕುಮಾರ.

ಈ ಕಡೆ ಶಾಲು, ಆ ಕಡೆ ಫೋನು. ಧೂಳಪ್ಪ ನಡುವೆ ನಿಂತ. ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ. ನಿಂತಲ್ಲೇ, ಮೆಲ್ಲಗೆ, ಒಂದು ಸುತ್ತು ತಿರುಗಿದ.